ಕೊಂಬಿನ ಕೊಳವೆ ಮತ್ತು ನಾಲ್ಕನೆಯ ಮರದ ತುಂಡು

ತಂಬಾಕಿನ ಪೈಪು ಮಾಡಲು ಹೊಸದಾಗಿ ಕಲಿಯುತ್ತಿದ್ದ ಫೆಲಿಕ್ಸನ ಮೇಜಿನ ಮೇಲೆ ಬಾಯಿಗಿಟ್ಟು ಸೇದುವ ಕೊಂಬಿನ ಕೊಳವೆಯೊಂದು ದಣಿದು ಮಲಗಿತ್ತು. ಅವನು ಆಗಲೇ ತಂಬಾಕು ತುಂಬುವ ಮೂರು ಮರದ ಬಟ್ಟಲುಗಳನ್ನು ಕೆಡಿಸಿದ್ದ. ಪ್ರತಿಯೊಂದರ ಸೊಟ್ಟ ತೂತಿಗೂ ಹೊಂದಲೆಂದು ಕೊಳವೆಯ ತುದಿಯನ್ನೇ ಅರದಿಂದ ಉಜ್ಜಿದ್ದ. ಇನ್ನೊಮ್ಮೆ ಉಜ್ಜಿದರೆ ಅದು ಮುರಿಯುವುದು ಖಂಡಿತ.

ಅಷ್ಟರಲ್ಲಿ ನಾಲ್ಕನೆಯ ಮರದ ತುಂಡು ಬಂತು. “ಮೊದಲು ನನ್ನನ್ನು ದುಂಡಗೆ ಮಾಡಿ ಹೊಳಪು ಕೊಡಲಿ. ತೂತು ಆಮೇಲೆ,” ಎಂದಿತು.

“ಚೌಕವಾಗಿರುವಾಗಲೇ ಕೊರೆಸಿಕೊ, ತಮ್ಮ. ದುಂಡಗಾದವರನ್ನು ಬೆಂಚಿನ ವೈಸಿನ ದವಡೆ ಬಿಗಿಯಾಗಿ ಹಿಡಿಯುವುದಿಲ್ಲ,” ಎಂದಿತು ಕೊಳವೆ.

“ಅಕ್ಕನವರಿಗೆ ನನ್ನ ಅಂದ ಕಂಡರೆ ಹೊಟ್ಟೆಯುರಿ.”

ಫೆಲಿಕ್ಸನಿಗೂ ಅಂದ ಮಾಡುವುದೇ ಅವಸರ. ತುಂಡನ್ನು ದುಂಡಗೆ ಉಜ್ಜಿ, ಮೇಣ ಹಚ್ಚಿ, ಕೊನೆಗೆ ವೈಸಿಗೆ ಸಿಕ್ಕಿಸಿ ತೂತು ಕೊರೆಯಲು ಬೈರಿಗೆ ಇಟ್ಟ. ತುಂಡು ಜಾರಿತು, ಬೈರಿಗೆ ಅದರ ಪಕ್ಕೆ ಸೀಳಿ ಹೊರಬಂತು.

ಕಸದ ಡಬ್ಬಿಯಿಂದ ತುಂಡು ಕೇಳಿತು: “ಅಕ್ಕ, ಈಗಲೂ ಚೆನ್ನಾಗಿ ಕಾಣುತ್ತೇನಲ್ಲವೆ?”

“ಕಾಣುತ್ತೀಯ, ತಮ್ಮ. ನಿನ್ನಿಂದ ಹೊಗೆ ಸೇದಲು ಮಾತ್ರ ಆಗುವುದಿಲ್ಲ.”

ದುಂಡನೆಯ ತುಂಡು ವೈಸಿನಲ್ಲಿ ಜಾರಿದ ಗುರುತನ್ನು ಫೆಲಿಕ್ಸ್ ನೋಡಿದ. ಆಮೇಲೆ ಐದನೆಯ ತುಂಡನ್ನು ಚೌಕವಾಗಿದ್ದಂತೆಯೇ ವೈಸಿಗೆ ಬಿಗಿದು, ಕೊಳವೆಯ ತುದಿಯನ್ನು ಅಳೆದು, ಅದಕ್ಕೆ ತಕ್ಕಂತೆ ತೂತು ಕೊರೆದ. ಕೊಳವೆ ಸರಿಯಾಗಿ ಕೂತಿತು; ಅದನ್ನು ಉಜ್ಜುತ್ತಿದ್ದ ಅರ ಮೊದಲ ಬಾರಿಗೆ ಪೆಟ್ಟಿಗೆಯಲ್ಲೇ ಉಳಿಯಿತು.