ಊರೊಲೆಯ ಹೊಗೆ

"ಅಜ್ಜಿ, ಮೇಲೂರಿಗೆ ದಾರಿ ಯಾವುದು?"

ಜೀಪಿನಿಂದ ತಲೆ ಹೊರಹಾಕಿ ಸುಗುಣಾ ಕೇಳಿದಳು. ಯುದ್ಧದಲ್ಲಿ ನಲುಗಿದ ದೇಶವೊಂದಕ್ಕೆ ದಾವಣಗೆರೆಯಿಂದ ಪರಿಹಾರದ ಕೆಲಸಕ್ಕೆ ಹೋಗಿದ್ದ ಸಮಾಜಸೇವಕಿ ಅವಳು. ಅಲ್ಲಿಯ ಮಾತು ಹರಕುಮುರುಕಾಗಿ ಬರುತ್ತಿತ್ತು. ದಾರಿ ಮಾತ್ರ ಸಿಗಲೊಲ್ಲದು. ನಕ್ಷೆಯಲ್ಲಿ ನೆಟ್ಟಗಿದ್ದ ಸೇತುವೆ ಹೊಳೆಯಲ್ಲಿ ಬಿದ್ದುಕೊಂಡಿತ್ತು.

ಒಲೆಯ ಮುಂದೆ ಕೂತಿದ್ದ ಜರೀನಜ್ಜಿ ನಕ್ಕಳು. "ಇದೇ ಮೇಲೂರು, ಮಗಳೇ. ಬಾಂಬು ಬಿದ್ದ ಮೇಲೆ ಸ್ವಲ್ಪ ಕೆಳಗಿಳಿದಿದೆ, ಅಷ್ಟೆ."

ಆ ಊರಿಗೆಲ್ಲ ಅದೊಂದೇ ಒಲೆ. ಬೆಳಗಾದರೆ ಅಜ್ಜಿ ಬೆಂಕಿ ಹಾಕುವಳು. ಹೊಗೆ ಕಂಡದ್ದೇ ತಡ, ಹೆಂಗಸರು ನಾದಿದ ಹಿಟ್ಟು ಹೊತ್ತು ಬಂದು, ರೊಟ್ಟಿ ಸುಟ್ಟುಕೊಂಡು ಹೋಗುವರು. ಅಜ್ಜಿ ಒಂದು ಬಿಸಿ ರೊಟ್ಟಿಯನ್ನು ಸುಗುಣಾಳ ಕೈಗಿಟ್ಟಳು.

"ಪುಕ್ಕಟೆ ಅಂದ್ಕೋಬೇಡ. ಈ ಒಲೆಯ ರೊಟ್ಟಿ ತಿಂದವರು ಒಂದು ಹೊರೆ ಸೌದೆ ತರಬೇಕು."

"ಸಾಲ ಇರಲಿ ಅಜ್ಜಿ, ತೀರಿಸ್ತೀನಿ."

ರೊಟ್ಟಿ ರುಚಿಯಾಗಿತ್ತು. ಆದರೆ ಕೊರೆಯುವ ಚಳಿಯಲ್ಲಿ ಸಾಲಾಗಿ ನಿಂತ ಹೆಂಗಸರನ್ನು ಸುಗುಣಾಳಿಗೆ ನೋಡಲಾಗಲಿಲ್ಲ. ಪಟ್ಟಣದ ಬೇಕರಿಗೆ ಹೇಳಿ, ಮನೆಮನೆಯ ಬಾಗಿಲಿಗೆ ರೊಟ್ಟಿಯ ಚೀಲ ಬಂದು ತೂಗುವಂತೆ ಮಾಡಿದಳು. ಹೆಂಗಸರು ಹರಸಿದರು. ಮೇಲಧಿಕಾರಿಗಳು ಬೆನ್ನು ತಟ್ಟಿದರು. ಒಲೆ ತಣ್ಣಗಾಯಿತು. ಸೌದೆಯ ಮಾತು ಅವಳಿಗೆ ಮರೆತೇ ಹೋಯಿತು.

ಒಂದು ಮುಂಜಾನೆ ಚೀಲ ಹಂಚುತ್ತ ಬಂದವಳು ಅಜ್ಜಿಯ ಬಾಗಿಲಲ್ಲಿ ನಿಂತಳು. ನಿನ್ನೆಯ ಚೀಲ ಹಾಗೇ ತೂಗುತ್ತಿತ್ತು. ಒಳಗಿನ ರೊಟ್ಟಿ ಕಲ್ಲಿನಂತಾಗಿತ್ತು.

ಬಾಗಿಲು ದೂಡಿದಳು. ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಅಜ್ಜಿ ಬಿದ್ದಿದ್ದಳು. ಕಾಲು ಮುರಿದಿತ್ತು. ತುಟಿ ನೀಲಿಗಟ್ಟಿತ್ತು. ಪುಣ್ಯಕ್ಕೆ ಉಸಿರಿತ್ತು.

ಕೂಗು ಕೇಳಿ ಪಕ್ಕದ ಮನೆಯ ಮರ್ಜಾನ ಓಡಿಬಂದು ಹಣೆ ಚಚ್ಚಿಕೊಂಡಳು. "ರೊಟ್ಟಿ ಬಾಗಿಲಿಗೇ ಬರುತ್ತಲ್ಲ, ತಿಂದು ಬೆಚ್ಚಗೆ ಮಲಗಿದ್ದಾಳೆ ಅಂದ್ಕೊಂಡ್ವಿ. ಮೊದಲಾಗಿದ್ರೆ, ಹೊಗೆ ಏಳದ ದಿನ ಊರಿಗೆ ಊರೇ ಇಲ್ಲಿಗೆ ಓಡಿ ಬರ್ತಿತ್ತು!"

ಇಬ್ಬರೂ ಸೇರಿ ಅಜ್ಜಿಯನ್ನು ಜೀಪಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಅರ್ಧ ದಾರಿಯಲ್ಲಿ ಅಜ್ಜಿ ಕಣ್ಣು ಬಿಟ್ಟಳು. ಸುಗುಣಾಳ ಮುಖ ಗುರುತು ಹಿಡಿದಳು.

"ನನ್ನ ಸೌದೆ ಎಲ್ಲೇ?"

ಅಂದಿನಿಂದ ಬೇಕರಿಯ ರೊಟ್ಟಿ ನಿಂತಿತು. ಬದಲಿಗೆ ಹಿಟ್ಟಿನ ಮೂಟೆ ಬಂತು. ಮರ್ಜಾನ ಒಲೆ ಹೊತ್ತಿಸಿದಳು. ಹೆಂಗಸರು ಮತ್ತೆ ಸಾಲು ನಿಂತರು. ಚಳಿಯನ್ನು ಬೈದರು, ಸರ್ಕಾರವನ್ನು ಬೈದರು, ಯಾರ್ಯಾರು ಬಂದಿಲ್ಲವೆಂದು ಕತ್ತು ಚಾಚಿ ನೋಡಿದರು.

ಅಜ್ಜಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು ಊರಿಗೆ ಮರಳಿ, ಒಲೆಯ ಪಕ್ಕ ಮಣೆಯ ಮೇಲೆ ಕೂತು ಅಧಿಕಾರ ಚಲಾಯಿಸತೊಡಗಿದಳು. ಆಗೊಂದು ದಿನ ಸುಗುಣಾ ಜೀಪನ್ನು ಊರಾಚೆ ನಿಲ್ಲಿಸಿ, ತಲೆಯ ಮೇಲೆ ಸೌದೆ ಹೊತ್ತು ನಡೆದು ಬಂದಳು. ಒಲೆಯ ಮುಂದೆ ಹೊರೆ ಇಳಿಸಿದಳು.

ಅಜ್ಜಿ ಒಂದು ಕೊರಡು ಎಳೆದು ಉಗುರಿನಿಂದ ಕೆರೆದು ನೋಡಿದಳು. "ಹಸೀ ಸೌದೆ ತಂದಿದ್ದೀಯಲ್ಲೇ! ಬರೀ ಹೊಗೆ."

ಆಮೇಲೆ ಅದನ್ನು ಒಲೆಗೆ ತಳ್ಳಿದಳು. "ಇರಲಿ. ದೂರದ ಮನೆಗೂ ಕಾಣ್ಲಿ. ನಿನ್ನ ಸಾಲ ತೀರಿತು."

ನೀತಿ: ನೆರವು ಕೊಡುವ ಮುನ್ನ, ಅಲ್ಲಿಯ ಜನ ಒಬ್ಬರನ್ನೊಬ್ಬರು ಹೇಗೆ ಕಾಯುತ್ತಿದ್ದಾರೆಂದು ನೋಡಬೇಕು. ಉರಿಯುವ ಒಲೆಗೆ ಸೌದೆಯಾಗುವ ದಾನವೇ ದಾನ. ಒಲೆಯನ್ನೇ ಆರಿಸುವ ದಾನ ಹೊಟ್ಟೆ ತುಂಬಿಸಿ ಊರನ್ನು ಒಡೆಯುತ್ತದೆ.