ಏಳದವರನ್ನು ಕರೆದ ದುಂಡಪ್ಪ

ನೇಕಾರರ ಓಣಿಯಲ್ಲಿ ಕಾಳವ್ವ ಅಂತ ಒಬ್ಬಳಿದ್ದಳು. ಅವಳಿಗೆ ದುಂಡಪ್ಪ ಅಂತ ಒಬ್ಬನೇ ಮಗ. ವಯಸ್ಸು ಮೂವತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು, ಅದೇ ಅವನ ರೋಗ. "ಬಾಗಿಲ ಕಡೆ ಲಕ್ಷ್ಯ ಇರಲಿ" ಅಂದರೆ ಬಾಗಿಲನ್ನೇ ನೋಡುತ್ತ ಕೂರುವನು. ನಾಯಿ ಹಿತ್ತಲಿಂದ ಬಂದು ರೊಟ್ಟಿ ಒಯ್ದರೂ ತಿರುಗಿ ನೋಡುತ್ತಿರಲಿಲ್ಲ.

"ಇವನ್ನ ಹೆತ್ತು ನಾ ಏನ್ ಕಂಡೆ," ಅಂತ ಕಾಳವ್ವ ಹಣೆ ಬಡಿದುಕೊಳ್ಳುವಳು.

ಆ ವರ್ಷ ಆ ಓಣಿಯಲ್ಲಿ ಮಲಗಿದ ಇಬ್ಬರು ಏಳಲಿಲ್ಲ. ಒಬ್ಬಳು ಗಂಡನ ನಿದ್ದೆ ಗುಳಿಗೆಯನ್ನು ತನ್ನದೆಂದು ನುಂಗಿದ್ದಳು. ಇನ್ನೊಬ್ಬ ನುಂಗಿದ್ದು ಮರೆತು ಮತ್ತೆ ನುಂಗಿದ್ದ. ಜ್ವರವಿಲ್ಲ, ನೋವಿಲ್ಲ. ಹೂಳುವಾಗಲೂ ಅವರ ಮುಖದ ಮೇಲೆ ನಿದ್ದೆಯೇ ಇತ್ತು. ಹೆಂಗಸರ ಸಂಘದವರು ಅಂಜಿದರು, ಕೂಡಿದರು. ಆಶಾ ಕಾರ್ಯಕರ್ತೆ ರೇಣವ್ವ ತಗಡಿನ ಡಬ್ಬಿ ತಂದಳು. ಮನೆಮನೆಯಲ್ಲಿ ಉಳಿದ ಹಳೇ ಗುಳಿಗೆ ಕೂಡಿಸಿ ಆಸ್ಪತ್ರೆಗೆ ಮುಟ್ಟಿಸುವುದು ಅಂತ ಆಯಿತು. ಡಬ್ಬಿ ಹೊರಲು ದುಂಡಪ್ಪ.

"ಗುಳಿಗಿ ಯಾರ ಹೆಸರಿಲೆ ಅದಾವೋ ಅವರನ್ನ ಕೇಳದ ತಗೋಬ್ಯಾಡ," ಅಂದಳು ರೇಣವ್ವ. "ಒಪ್ಪಿದ್ರ ಡಬ್ಬಿಗೆ ಹಾಕು. ಒಪ್ಪಲಿಲ್ಲಂದ್ರ ಅವರವು ಅವರಿಗೆ ಕೊಟ್ಟು ಬಾ."

"ಆತಕ್ಕಾ," ಅಂದ ದುಂಡಪ್ಪ.

ಮೊದಲನೇ ಮನೆಯಲ್ಲಿ ಸೊಸೆ ಒಂದು ಪೊಟ್ಟಣ ತಂದುಕೊಟ್ಟಳು. ನಿದ್ದೆ ಗುಳಿಗೆ. ಮೇಲೆ ಮುರಿಗೆಪ್ಪ ಅಂತ ಬರೆದಿತ್ತು. ಮುರಿಗೆಪ್ಪ ಅಂದರೆ ಅವಳ ಮಾವ, ಸತ್ತು ಎರಡು ತಿಂಗಳಾಗಿತ್ತು. ದುಂಡಪ್ಪ ನೆತ್ತಿಯ ಬಿಸಿಲಲ್ಲಿ ಸುಡುಗಾಡಿಗೆ ಹೋದ. ಗೋರಿಯ ಮುಂದೆ ಕೂತು ಮೂರು ಸಲ ಕರೆದ. ಗಾಳಿ ಇರಲಿಲ್ಲ, ಆದರೂ ಗೋರಿಯ ಮೇಲಿನ ಒಣಹುಲ್ಲು ಅಲುಗಿತು. ಮಾತು ಮಾತ್ರ ಬರಲಿಲ್ಲ. ಮುದುಕ ಒಪ್ಪಲಿಲ್ಲ ಅಂದುಕೊಂಡ. ಮಣ್ಣೊಳಗಿನ ಕೈ ಗುಳಿಗೆಯ ಹಾಳೆ ಹರಿಯಲಾರದು ಅಂತ ಒಂದೊಂದೇ ಗುಳಿಗೆ ಬಿಡಿಸಿದ. ಬಾಳೆಹಣ್ಣಿಲ್ಲದೆ ಮುದುಕನಿಗೆ ಗುಳಿಗೆ ಇಳಿಯುತ್ತಿರಲಿಲ್ಲ, ಅದು ದುಂಡಪ್ಪನಿಗೆ ಗೊತ್ತಿತ್ತು. ಹಣ್ಣು ತಂದು, ಅದರ ಚೂರುಗಳಲ್ಲಿ ಒತ್ತಿ ತಲೆಯ ಕಡೆ ಇಟ್ಟು ಬಂದ.

ಮರುದಿನ ಓಣಿಯಲ್ಲಿ ಒಂದು ಕಾಗೆಯೂ ಕೂಗಲಿಲ್ಲ. ಸುಡುಗಾಡಿನ ಕಡೆ ಹೋದವರು ನೋಡಿದರು. ಕಾಗೆಗಳು ರೆಕ್ಕೆ ಹರವಿ ಗೋರಿಗಳ ಮೇಲೆ ಬಿದ್ದಿದ್ದವು, ಕೆಲವು ಕಣ್ಣು ತೆರೆದೇ. ನಡುವೆ ಒಂದು ನಾಯಿ ಮಣ್ಣಿಗೆ ಮೂತಿ ಊರಿ ಮಲಗಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಲವು ಎದ್ದವು. ಕೆಲವು ಏಳಲಿಲ್ಲ.

ಕಾಳವ್ವ ಮಗನನ್ನು ಎಳೆದು ಕೂರಿಸಿದಳು. "ಬಯಲಾಗ ಇಡ್ತಾರೇನೋ, ಖೋಡಿ. ಗುಳಿಗಿ ಇದ್ದಲ್ಲೆ ಕತ್ತಲ ಇರಬೇಕು, ಕೀಲಿ ಇರಬೇಕು. ಕೀಲಿಕೈ ಯಾರಿಗೂ ಕೊಡಬಾರದು."

"ಆತಬೇ ಯವ್ವಾ. ಹಂಗ ಮಾಡ್ತೀನಿ."

ಅದರ ಮರುದಿನ ಬೆಳಿಗ್ಗೆ ಸಿದ್ಲಿಂಗವ್ವಜ್ಜಿಯ ಮನೆಗೆ ಹೋದ. ಒಂಟಿ ಮುದುಕಿ. ಆಗಷ್ಟೇ ನೀರು ಕುಡಿದು ತಂಬಿಗೆ ಇಡುತ್ತಿದ್ದಳು.

"ಅಜ್ಜೀ, ಗುಳಿಗಿ ಎಲ್ಲಿ?"

"ಹೊಟ್ಟ್ಯಾಗ ಹೋತಲ್ಲೋ, ಈಗರ ನುಂಗಿದೆ."

ದುಂಡಪ್ಪ ವಿಚಾರ ಮಾಡಿದ. ಗುಳಿಗೆ ಅಜ್ಜಿಯ ಹೊಟ್ಟೆಯಲ್ಲಿ, ಅಜ್ಜಿ ಮನೆಯಲ್ಲಿ. ಹೊರಗೆ ಬಂದು ಮಾಳಿಗೆ ಹತ್ತಿ ಬೆಳಕಿಂಡಿಗೆ ಹಲಗೆ ಮುಚ್ಚಿದ. ಇಳಿದು ಬಾಗಿಲಿಗೆ ಕೀಲಿ ಜಡಿದ. ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡು ಎದುರಿನ ಕಟ್ಟೆಯ ಮೇಲೆ ಕೂತ.

ಮಗ್ಗಗಳ ಸದ್ದಿನಲ್ಲಿ ಯಾರಿಗೂ ಏನೂ ಕೇಳಲಿಲ್ಲ. ಊಟದ ಹೊತ್ತಿಗೆ ಮಗ್ಗಗಳೆಲ್ಲ ನಿಂತವು. ಒಂದು ಸದ್ದು ಮಾತ್ರ ನಿಲ್ಲಲಿಲ್ಲ. ಟಕ್, ಟಕ್, ಟಕ್. ಕೀಲಿ ಹಾಕಿದ ಮನೆಯೊಳಗಿಂದ.

"ಮುದುಕಿ ಮಗಳ ಊರಿಗೆ ಹೋಗ್ಯಾಳೇನು?" ಅಂದಳು ಒಬ್ಬಳು.

"ಹೋಗಿದ್ರ ಒಳಗ ಯಾರು?" ಅಂದಳು ಇನ್ನೊಬ್ಬಳು.

ಯಾರೂ ಹತ್ತಿರ ಹೋಗಲಿಲ್ಲ. ದುಂಡಪ್ಪನನ್ನು ಯಾರೂ ಕೇಳಲಿಲ್ಲ. ಮತ್ತೆ ಮಗ್ಗ ಶುರುವಾದವು. ಸಂಜೆ ಅವು ನಿಂತಾಗ ಆ ಸದ್ದೂ ಇರಲಿಲ್ಲ.

ರೇಣವ್ವ ಆ ಕಡೆ ಬಂದಳು. "ಇಲ್ಲೇನ್ ಮಾಡಾಕತ್ತಿ, ದುಂಡಪ್ಪಾ?"

"ಗುಳಿಗಿ ಕಾಯಾಕತ್ತೀನಿ."

ಬಾಗಿಲು ನೋಡಿದಳು, ಅವನ ಉಡದಾರ ನೋಡಿದಳು. ಕೀಲಿಕೈ ಕೊಡಲು ಅವನು ಒಪ್ಪಲಿಲ್ಲ. ಕಲ್ಲು ತಗೊಂಡು ಕೀಲಿಯನ್ನೇ ಒಡೆದಳು. ಒಳಗೆ ಕತ್ತಲಲ್ಲಿ ಮುದುಕಿ ಬಿದ್ದಿದ್ದಳು. ಬಡಿದು ಬಡಿದು ದಣಿದು, ರಾತ್ರಿಯಾಯಿತು ಅಂತ ತಿಳಿದು ರಾತ್ರಿಯ ನಿದ್ದೆ ಗುಳಿಗೆ ನುಂಗಿದ್ದಳು. ಮಂಪರಲ್ಲಿ ಎದ್ದು, ಇನ್ನೂ ರಾತ್ರಿಯೇ ಅಂತ ಮತ್ತೆ ನುಂಗಿದ್ದಳು. ರೇಣವ್ವ ಅವಳನ್ನು ಮಗ್ಗಲಾಗಿ ಮಲಗಿಸಿದಳು, ಹೆಸರು ಹಿಡಿದು ಕರೆಯುತ್ತಲೇ ಇದ್ದಳು, ಅಂಬುಲೆನ್ಸ್ ಬರುವ ತನಕ ಕೈ ಬಿಡಲಿಲ್ಲ. ನಾಲ್ಕು ದಿನಕ್ಕೆ ಮುದುಕಿ ಮನೆಗೆ ಬಂದಳು.

ರೇಣವ್ವ ದುಂಡಪ್ಪನಿಗೆ ಬೈದು ಬೈದು ಕಡೆಗೆ ಹೇಳಿದಳು. "ಇನ್ನ ಮ್ಯಾಲೆ ಇಷ್ಟು ನೆಪ್ಪಿಡು. ಯಾರರ ಮಲಗಿದವರು ಕರದ್ರೂ ಏಳಲಿಲ್ಲಂದ್ರ ಮಗ್ಗಲಾಗಿ ಮಲಗಿಸು. ಅಂಬುಲೆನ್ಸಿಗೆ ಫೋನ್ ಹಚ್ಚಸು. ಎಷ್ಟು ಗುಳಿಗಿ ತಗೊಂಡಾರ, ಯಾರು ಕೊಟ್ಟಾರ, ಕೇಳು. ಯಾರು ನಿನ್ನ ಎಬ್ಬಿಸಿದ್ರೂ ಅವರನ್ನ ಬಿಟ್ಟು ಏಳಬ್ಯಾಡ."

"ಆತಕ್ಕಾ. ಹಂಗ ಮಾಡ್ತೀನಿ."

ವಾರ ಕಳೆಯಿತು. ಹಿಂದಿನ ಓಣಿಯ ಈರಭದ್ರಪ್ಪ ತೀರಿಕೊಂಡ. ವಯಸ್ಸಾಗಿತ್ತು, ಎದೆ ನಿಂತಿತು ಅಂದರು. ಅವರ ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಮಾಲೆ, ಎದುರಿಗೆ ಭಜನೆ. ದುಂಡಪ್ಪ ಬಾಗಿಲಲ್ಲಿ ನಿಂತು ನೋಡಿದ. ಈರಭದ್ರಪ್ಪ ಕಣ್ಣು ಮುಚ್ಚಿದ್ದ.

"ಕಾಕಾ," ಅಂದ. "ಈರಭದ್ರಪ್ಪ ಕಾಕಾ."

ಏಳಲಿಲ್ಲ. ದುಂಡಪ್ಪ ಭಜನೆಯವರನ್ನು ದಾಟಿ ಹೋಗಿ, ಮಾಲೆಯ ಸಮೇತ ಹೆಣವನ್ನು ಕೆಳಗಿಳಿಸಿ ಮಗ್ಗಲಾಗಿ ಮಲಗಿಸಿದ. ತಾಳ ನಿಂತಿತು. "ಅಂಬುಲೆನ್ಸಿಗೆ ಫೋನ್ ಹಚ್ಚರಿ," ಅಂದ. ನಾಲ್ಕು ಮಂದಿ ಅವನ ರಟ್ಟೆ ಹಿಡಿದು ಎಳೆದರು. ಅವನು ಹೆಣದ ಕೈ ಬಿಡಲಿಲ್ಲ. ಬಾಗಿ ಅದರ ಕಿವಿಯಲ್ಲಿ ಕೇಳಿದ.

"ಕಾಕಾ, ಎಷ್ಟು ಗುಳಿಗಿ ತಗೊಂಡಿ? ಯಾರು ಕೊಟ್ಟರು?"

ಮತ್ತೆ ಕೇಳಿದ, ಇನ್ನೂ ಜೋರಾಗಿ. ಎಳೆಯುತ್ತಿದ್ದವರ ಕೈ ಸಡಿಲಾಯಿತು. ಎಲ್ಲರೂ ಹೆಣದ ತುಟಿ ನೋಡುತ್ತ ನಿಂತರು, ಈಗ ಹೇಳುತ್ತದೆ ಅನ್ನುವ ಹಾಗೆ. ಮೂರನೇ ಸಲ ಕೇಳಿದಾಗ ಮೂಲೆಯಿಂದ ದನಿ ಬಂತು. ಈರಭದ್ರಪ್ಪನ ಹೆಂಡತಿಯದು.

"ನಾ ಎರಡು ಕೊಟ್ಟಿದ್ದೆ. ನಿನ್ನೆ ರಾತ್ರಿ, ಉಂಡ ಮ್ಯಾಲೆ."

ಬಾಗಿಲ ಹತ್ತಿರ ನಿಂತಿದ್ದ ಮಗ ಅವ್ವನ ಮುಖ ನೋಡಿದ. "ನಾನೂ ಎರಡು ಕೊಟ್ಟೆ," ಅಂದ. "ನೀ ಕೊಟ್ಟಿಲ್ಲಂತ ತಿಳಕೊಂಡಿದ್ದೆ."

ಗುಂಪಿನಲ್ಲಿ ಕಾಳವ್ವ ಇದ್ದಳು. ಬೈಯಲು ಬಂದವಳು ಮಗನ ಪಕ್ಕ ಕೂತಳು.

ದುಂಡಪ್ಪ ಬೆರಳು ಮಡಚಿ ಎಣಿಸಿದ. ಆಮೇಲೆ ಈರಭದ್ರಪ್ಪನ ಕೊರಳ ಮಾಲೆ ಸರಿಮಾಡಿ, ಕಿವಿಯ ಹತ್ತಿರ ಬಾಯಿ ಇಟ್ಟು ಮೆಲ್ಲಗೆ ಹೇಳಿದ.

"ಕಾಕಾ, ಒಟ್ಟು ನಾಕ ಆಗ್ಯಾವಂತ. ಇವತ್ತಿಂದು ತಗೋಬ್ಯಾಡ."