ಹಳೆಯ ಸೀಸೆಯ ಹೊಸಬರು

ಥೈರಾಯ್ಡ್ ಮಾತ್ರೆಯ ಸೀಸೆಯೊಂದು ಸುಭದ್ರಮ್ಮನ ತಲೆದೆಸೆಯಲ್ಲಿ ವರ್ಷಗಟ್ಟಲೆ ಬಾಳಿತ್ತು. ಒಮ್ಮೆ ಮಾತ್ರೆ ಮುಗಿದಾಗ, ಎಂದಿನ ಕಂಪನಿಯದು ಸಿಗದೆ ಸೊಸೆ ಬೇರೆ ಕಂಪನಿಯದನ್ನು ತಂದಳು. ಹೊಸ ಡಬ್ಬಿಯ ಮುಚ್ಚಳ ಅತ್ತೆಯ ಕೈಗೆ ಬಿಗಿಯಾದೀತೆಂದು ಅವನ್ನು ಹಳೆಯ ಸೀಸೆಗೇ ಸುರಿದಿಟ್ಟಳು.

ತನ್ನ ಹೊಟ್ಟೆಯಲ್ಲಿ ಯಾರೋ ಪಿಸುಗುಟ್ಟುವುದನ್ನು ಕೇಳಿ ಸೀಸೆ ಬೆಚ್ಚಿತು. “ಯಾರು ನೀವು?”

“ನಿನ್ನವರೇ. ಔಷಧ ಅದೇ, ಅಳತೆಯೂ ಅದೇ.”

“ಇರಬಹುದು. ಆದರೆ ಆಕೆಯ ಮೈ ಒಗ್ಗಿದ್ದು ಹಳಬರಿಗೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅದಕ್ಕೆ ತಿಳಿದೀತು. ನೀವು ಬಂದದ್ದು ಡಾಕ್ಟರಿಗೆ ಗೊತ್ತೇ? ರಕ್ತ ಪರೀಕ್ಷೆ ಮಾಡಿಸಬೇಡವೇ?”

“ಯಾರು ಹೇಳುತ್ತಾರೆ? ನಿನ್ನ ಹೊರಗಿನ ಚೀಟಿಯಲ್ಲಿರುವುದು ಹಳಬರ ಹೆಸರು.”

ಕೆಲವು ವಾರ ಕಳೆದವು. ಈಗ ಸುಭದ್ರಮ್ಮ ಸೀಸೆ ಹಿಡಿದರೆ ಸಾಕು, ಅಲುಗಿಸುವ ಮೊದಲೇ ಮಾತ್ರೆಗಳು ಗಲಗಲ ಎನ್ನುತ್ತಿದ್ದವು. ಆಕೆಯ ಬೆರಳು ನಡುಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು.

“ಮಾತ್ರೆ ಏನಾದರೂ ಬದಲಾಯಿಸಿದಿರಾ?” ಎಂದು ಡಾಕ್ಟರು ಕೇಳಿದರು.

“ಇಲ್ಲ ಡಾಕ್ಟ್ರೇ, ಅದೇ. ನೋಡಿ,” ಎಂದು ಆಕೆ ಸೀಸೆಯನ್ನು ಮುಂದಿಟ್ಟಳು.

ಡಾಕ್ಟರು ಹೆಸರು ಓದಿ ತಲೆಯಾಡಿಸಿದರು. ‘ಒಳಗೆ ನೋಡಿ’ ಎಂದು ಸೀಸೆ ಗಂಟಲು ಹರಿಯುವಂತೆ ಕೂಗಿತು. ಆದರೆ ಹೊರಗೆ ಕೇಳಿಸಿದ್ದು ಹೊಸಬರ ದನಿ: “ಅದೇ, ಅದೇ, ಅದೇ.”